ಮೂರನೆಯ ತಟ್ಟೆ

ನವೆಂಬರ್ 4, ಸೋಮವಾರ

ರಾತ್ರಿ ಎರಡೂ ನಲವತ್ತು. ಟಣ್ ಅಂತ ಒಂದು ಸದ್ದು. ಗೋಡೆಯಾಚೆ ಅತ್ತೆ ತಮ್ಮ ಹಲ್ಲುಸೆಟ್ಟನ್ನು ಗಾಜಿನ ಲೋಟಕ್ಕೆ ಹಾಕಿದ್ದು. ಬೇರೆ ದಿನ ಮಲಗುವ ಮುಂಚೆಯೇ ತೆಗೆದಿಡುತ್ತಾರೆ. ಮೊಮ್ಮಗಳಿಗೆ ಕಥೆ ಹೇಳುತ್ತ ಹಾಗೇ ನಿದ್ದೆಹೋದ ದಿನ ಮಾತ್ರ ಹೀಗೆ, ನಡುರಾತ್ರಿ ನೆನಪಾಗಿ, ಟಣ್. ಅಷ್ಟು ಸಣ್ಣ ಸದ್ದಿಗೆ ನನ್ನ ಮೈಯೆಲ್ಲ ಮುಳ್ಳೆದ್ದಿತು.

ಬೆಳಿಗ್ಗೆ ಆ ಲೋಟ ಬಚ್ಚಲುಮನೆಯ ಕಿಟಕಿಯಲ್ಲಿ ಕೂತಿರುತ್ತದೆ. ನೀರಿನೊಳಗೆ ಗುಲಾಬಿ ಒಸಡು, ಸಾಲು ಹಲ್ಲು, ಯಾರೋ ಮುಳುಗಿಹೋಗುತ್ತಲೂ ನಗುತ್ತಿರುವ ಹಾಗೆ. ಅತ್ತ ತಿರುಗದೆ ಮುಖ ತೊಳೆಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಎಚ್ಚರವಾದ ಮೇಲೆ ಮಿಡತೆಯ ಬಾಯಿವಾಸನೆ ಮೂಗಿಗೆ ಬಡಿಯಿತು. ಮಿಡತೆ ನನ್ನ ಮಗಳು, ಎರಡೂವರೆ ವರ್ಷ. ನಿಂತಲ್ಲಿ ನಿಲ್ಲುವುದಿಲ್ಲವೆಂದು ಇವರು, ಅವಳ ಅಪ್ಪ, ಹಡಗಿನ ಕೆಲಸಕ್ಕೆ ಹೊರಡುವ ಮುಂಚೆ ಇಟ್ಟ ಅಡ್ಡಹೆಸರು. ಹೋದ ತಿಂಗಳು ಕಿವಿನೋವಿಗೆ ಎರಡು ಸಲ ಆಂಟಿಬಯಾಟಿಕ್ ಕುಡಿದಳು. ಅದರ ಬೆನ್ನಿಗೆ ನಾಲಿಗೆ, ಕೆನ್ನೆಯ ಒಳಭಾಗವೆಲ್ಲ ಒಡೆದ ಹಾಲಿನಂಥ ಬಿಳಿ ಮಚ್ಚೆ. ಯೀಸ್ಟ್ ಸೋಂಕು ಅಂತ ಮಕ್ಕಳ ಡಾಕ್ಟರು ಹನಿ ಔಷಧಿ ಕೊಟ್ಟರು, ಮಚ್ಚೆ ಹೋಯಿತು. ವಾಸನೆ ಹೋಗಲಿಲ್ಲ. ಹುಳಿಬಂದ ಹಿಟ್ಟಿನ ವಾಸನೆ. ಬ್ರೆಡ್ ಕಾರ್ಖಾನೆಯ ಪರೀಕ್ಷಾಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ಅದನ್ನೇ ಮೂಸುವ ನನಗೆ ಅದು ಹಾಸಿಗೆಯಲ್ಲೂ ಬೇಕೆ?

ಮೊಬೈಲಿನ ಟಾರ್ಚ್ ಹಾಕಿ ಅವಳ ತುಟಿ ಎತ್ತಿದೆ. ಮೇಲಿನ ನಾಲ್ಕು ಹಲ್ಲು ಒಸಡಿಗೆ ತಾಗುವಲ್ಲಿ ಕಂದುಗೆರೆ, ಅದರ ಮೇಲೆ ಬೂದುಬಿಳಿ ಪಾಚಿ. ಉಗುರಿನಿಂದ ಕೆರೆದೆ. ಲೋಳೆ ಉಗುರಿನ ಸಂದಿಗೆ ಬಂತು. ಮೂಸಿದೆ. ಯಾಕೆ ಮೂಸಿದೆನೋ! ಬಚ್ಚಲಿಗೆ ಓಡಿ ಮೂರು ಸಲ ಸೋಪು ಹಾಕಿ ತೊಳೆದರೂ ಬೆರಳು ನನ್ನದಲ್ಲ ಅನ್ನಿಸುತ್ತಿದೆ.

ಅಷ್ಟರಲ್ಲಿ ಅವಳೂ ಎದ್ದು ರಾಗ ತೆಗೆದಳು. ಬಾಟಲಿ ತಂದೆ. ಬಿಸಿ ಹದವಾಗಿದೆಯೇ ಎಂದು ಯಾವಾಗಿನಂತೆ ನಾನೇ ಒಂದು ಗುಟುಕು ಚೀಪಿ ನೋಡಿ ಅವಳ ಬಾಯಿಗಿಟ್ಟೆ. ಐದೇ ನಿಮಿಷ, ತೆಪ್ಪಗಾದಳು. ಆರಕ್ಕೆ ನನ್ನ ಪಾಳಿ. ನನ್ನ ಬಲದವಡೆ ಮತ್ತೆ ಜಗ್ಗುತ್ತಿದೆ. ಒಂದು ಲವಂಗ ಕಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಯಾರ ಹತ್ತಿರವಾದರೂ ಛೀ ಅನ್ನಬೇಕಲ್ಲ, ಅದಕ್ಕೆ.

ನವೆಂಬರ್ 5, ಮಂಗಳವಾರ

ಮಿಡತೆಯನ್ನು ಎತ್ತಿಕೊಂಡು ಅತ್ತೆಯೂ ನಾನೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆವು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬೇಕು. ಕೋಣೆಯಲ್ಲಿ ಮಕ್ಕಳಿಗೆಂದು ಬಟ್ಟೆಯ ಮೊಸಳೆಯೊಂದಿದೆ, ಅದರ ಹಲ್ಲು ಎಲ್ಲ ಮಕ್ಕಳೂ ಮುಟ್ಟಿ ಮುಟ್ಟಿ ಜಿಡ್ಡಾಗಿದೆ. ನಾನು ಮಿಡತೆಯ ಕೈಯನ್ನು ಅದರಿಂದ ಎರಡು ಸಲ ಎಳೆದೆ.

ಅವಳ ಬಾಯಿ ತೆರೆಸಿದ್ದು ಅತ್ತೆ. ತಮ್ಮ ಸೆಟ್ಟನ್ನು ಅಂಗೈ ಮೇಲೆ ತೆಗೆದಿಟ್ಟುಕೊಂಡು, ಬೊಚ್ಚುಬಾಯಲ್ಲಿ, "ನೋಡೇ, ಅಜ್ಜಿ ಹಲ್ಲು ನಗ್ತಿದೆ. ನಿನ್ನ ಹಲ್ಲು ನಗುತ್ತಾ?" ಅಂದರು. ಮಿಡತೆ ಆ ಅಂತ ಗುಹೆಯಷ್ಟು ತೆರೆದಳು. ಡಾಕ್ಟರೂ ನಕ್ಕರು. ನಾನು ಗೋಡೆ ನೋಡಿದೆ. ನಾಲ್ಕು ಜನರೆದುರು ಹಾಗಾ ತೆಗೆಯೋದು!

ಡಾಕ್ಟರು ಒಂದು ಚೂರು ಪಾಚಿ ಕೆರೆದು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನಮ್ಮ ಕಾರ್ಖಾನೆಯ ಯೀಸ್ಟಿಗೆ ದೂರದ ದಾಯಾದಿಯಂತೆ ಮೊಟ್ಟೆಯಾಕಾರದ ಕಣಗಳು. ಕೆಲವಕ್ಕೆ ಬಾಲದಂಥ ಎಳೆ ಬಂದಿದೆ, ಸುತ್ತ ಬ್ಯಾಕ್ಟೀರಿಯಾ ಸರದ ಮಣಿಗಳ ಹಾಗೆ ಅಂಟಿಕೊಂಡಿದೆ.

"ಈ ಯೀಸ್ಟ್ ಒಂದೇ ಇದ್ದರೆ ಹಲ್ಲಿಗೆ ಅಷ್ಟು ಗಟ್ಟಿಯಾಗಿ ಹಿಡ್ಕೊಳ್ಳಲ್ಲ," ಅಂದರು. "ಹಲ್ಲಿನ ಮೇಲೆ ಎಂಜಲಿನ ತೆಳು ಪೊರೆ ಇರುತ್ತಲ್ಲ, ಅದಕ್ಕೆ ಸುಮ್ಮನೆ ಜೋತು ಬಿದ್ದಿರುತ್ತೆ. ಆದರೆ ಹಲ್ಲು ಕೊರೆಯೋ ಬ್ಯಾಕ್ಟೀರಿಯಾ ಜೊತೆಗೆ ಸಿಕ್ಕಿದರೆ ಕಥೆಯೇ ಬೇರೆ. ಅದು ಸಕ್ಕರೆಯಿಂದ ಅಂಟು ತಯಾರಿಸುತ್ತೆ. ಆ ಅಂಟನ್ನ ಯೀಸ್ಟ್ ಮೈಗೆಲ್ಲ ಬಳ್ಕೊಳ್ಳುತ್ತೆ. ಆಮೇಲೆ ಇಬ್ಬರದೂ ಒಂದೇ ಗೂಡು. ಒಳಗೆ ಕೂತು ಹುಳಿ ಬಿಡ್ತಾ ಇರ್ತವೆ, ಹಲ್ಲು ಕರಗ್ತಾ ಇರುತ್ತೆ."

"ಎಲ್ಲಿಂದ ಬಂತು ಇದು?"

"ಎಲ್ಲಿಂದ ಬೇಕಾದರೂ. ಚೆನ್ನಾಗಿರೋರ ಬಾಯಲ್ಲೂ ಇರುತ್ತೆ. ರಾತ್ರಿ ಬಾಟಲಿ ಕೊಡ್ತೀರಾ?"

"ಕೊಡ್ತೀನಿ. ಬರೀ ಹಾಲು."

"ಸಕ್ಕರೆ?"

"ಇಲ್ಲಪ್ಪಾ."

ಅತ್ತೆ ನನ್ನ ಕಡೆ ನೋಡಿದರು. ನಾನೇ ಬಾಯಿ ಹಾಕಿ, "ಮನೇಲಿ ಹಲ್ಲುಸೆಟ್ಟು ಹಾಕೋರಿದ್ದರೆ ಅದರ ಮೇಲೂ ಯೀಸ್ಟ್ ಬೆಳೆಯುತ್ತೆ ಅಲ್ವಾ?" ಅಂದೆ. ಬೆಳೆಯಬಹುದು, ಸರಿಯಾಗಿ ಉಜ್ಜದಿದ್ದರೆ, ಅಂದರು. ಅಷ್ಟು ಸಾಕಾಯಿತು ನನಗೆ. ರಾತ್ರಿಯಿಂದ ತಲೆಯೊಳಗೆ ಗುಂಯ್‌ಗುಟ್ಟುತ್ತಿದ್ದದ್ದು ಒಂದು ಜಾಗ ಹುಡುಕಿ ಕೂತಿತು.

ಹಲ್ಲಿಗೆ ಔಷಧಿ ಬಳಿದಿದ್ದಾರೆ. ಬಾಟಲಿ ಬಿಡಿಸಿ, ಒಂದು ವಾರ ಬಿಟ್ಟು ಬನ್ನಿ ಅಂದಿದ್ದಾರೆ. ಬಾಟಲಿ ಬಿಡಿಸೋದು! ಹೇಳುವುದಕ್ಕೇನು, ರಾತ್ರಿ ಅವರು ಬಂದು ಎತ್ತಿಕೊಳ್ಳುತ್ತಾರಾ?

ನವೆಂಬರ್ 6, ಬುಧವಾರ

ಮನಸ್ಸಿಗೆ ಸಾಕ್ಷಿ ಬೇಕಿತ್ತು. ಓದಿದ ಓದಾದರೂ ಯಾಕೆ ಮತ್ತೆ? ಬೆಳಿಗ್ಗೆ ಐದಕ್ಕೆ ಎದ್ದು, ಕಾರ್ಖಾನೆಯಿಂದ ತಂದಿಟ್ಟಿದ್ದ ಹತ್ತಿಕಡ್ಡಿಗಳಲ್ಲಿ ಒಂದನ್ನು ಮಿಡತೆಯ ಹಲ್ಲಿಗೆ ಉಜ್ಜಿದೆ. ಇನ್ನೊಂದನ್ನು ಲೋಟದ ನೀರಿನಿಂದ ಇಕ್ಕಳದಲ್ಲಿ ಎತ್ತಿದ ಸೆಟ್ಟಿಗೆ, ಮೂಗು ಮುಚ್ಚಿಕೊಂಡು. ಹೋಲಿಕೆಗೆ ಒಂದು ಚೊಕ್ಕ ಬಾಯಿ ಇರಬೇಕಲ್ಲ, ಮೂರನೆಯದು ನನ್ನದು.

ಯೀಸ್ಟ್ ಬೆಳೆಯಲೆಂದು ಅಗಾರ್ ಅಂಟು ಹಾಕಿದ ಪುಟ್ಟ ತಟ್ಟೆ ನಮ್ಮಲ್ಲಿ ಬೇಕಾದಷ್ಟು. ಕಾರ್ಖಾನೆಯ ಗಾಳಿ, ಮೇಜು, ಕೆಲಸದವರ ಕೈ, ಎಲ್ಲವನ್ನೂ ಅದರ ಮೇಲೆ ಬೆಳೆಸಿ ನೋಡುವುದೇ ನನ್ನ ಕೆಲಸ. ಮೂರು ತಟ್ಟೆಗೆ ಸವರಿ, 1, 2, 3 ಅಂತ ಬರೆದು ಬೆಚ್ಚಗಿನ ಪೆಟ್ಟಿಗೆಯ ಕೆಳಗಿನ ಗೂಡಿನಲ್ಲಿ ಹಿಂದಕ್ಕೆ ತಳ್ಳಿಟ್ಟೆ. ನಲವತ್ತೆಂಟು ಗಂಟೆ. ಇದು ತಪ್ಪು ಅಂತ ಗೊತ್ತು. ತಿನ್ನುವ ಪದಾರ್ಥ ಪರೀಕ್ಷಿಸುವ ಜಾಗಕ್ಕೆ ಬಾಯಿಯ ಎಂಜಲು ತರುವುದು! ಯಾರಿಗೆ ಗೊತ್ತಾಗಬೇಕು?

ಮಧ್ಯಾಹ್ನ ಹಿಟ್ಟಿನ ತೊಟ್ಟಿಗಳ ಪಕ್ಕ ಹಾದುಹೋಗುವಾಗ ಓಕರಿಕೆ ಬಂತು. ಐದು ವರ್ಷದಿಂದ ಆ ವಾಸನೆಯಿಂದಲೇ ನನಗೆ ಹಸಿವಾಗುತ್ತಿತ್ತು. ಈಗ ಆ ತೊಟ್ಟಿಯೊಂದು ದೊಡ್ಡ ಬಾಯಿ, ಉಬ್ಬುತ್ತಿದೆ, ಉಸಿರಾಡುತ್ತಿದೆ.

ನವೆಂಬರ್ 7, ಗುರುವಾರ

ತಡೆಯಲಾಗಲಿಲ್ಲ. ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಸಂಜೆ ಬಂದಾಗ ಅತ್ತೆ ಮಿಡತೆಗೆ ಗಂಜಿ ತಿನ್ನಿಸುತ್ತಿದ್ದರು. ಚಮಚದ ತುದಿ ತುಟಿಗೆ ತಾಗಿಸಿ ಬಿಸಿ ನೋಡಿ ಅವಳ ಬಾಯಿಗೆ. ಮತ್ತೆ ತಮ್ಮ ತುಟಿ, ಮತ್ತೆ ಅವಳ ಬಾಯಿ. ನಾನು ಚಮಚ ಕಸಿದುಕೊಂಡು ಬಿಸಾಡಿದೆ. ಗಂಜಿ ಗೋಡೆಗೆ ಸಿಡಿಯಿತು.

"ಏನಾಯ್ತಮ್ಮಾ?"

"ನಿಮ್ಮ ಎಂಜಲು ತಿಂದೇ ಅವಳ ಹಲ್ಲು ಕೊಳೆತದ್ದು. ಆ ಸೆಟ್ಟು, ಆ ಲೋಟ, ಛೀ! ಅದನ್ನ ನೋಡಿದರೆ ನನಗೆ ಹೊಟ್ಟೆ ತೊಳೆಸುತ್ತೆ. ಅವಳಿಗೆ ಮುತ್ತಿಡಬೇಡಿ ಇನ್ನು ಮೇಲೆ."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನ್ನ ಹಲ್ಲನ್ನ ದಿನಕ್ಕೆರಡು ಸಲ ಬ್ರಷ್ ಹಾಕಿ ತಿಕ್ತೀನಮ್ಮಾ. ನಲವತ್ತು ವರ್ಷ ಬೇರೆಯವರ ಮದುವೆ ಬಟ್ಟೆ ಹೊಲಿದವಳು ನಾನು, ಒಂದು ಕಲೆ ಬೀಳಿಸಿಲ್ಲ," ಅಂದರು. ಮತ್ತೆ, "ಸಕ್ಕರೆ ಡಬ್ಬಿ ವಾರಕ್ಕೊಂದು ಸಲ ಖಾಲಿಯಾಗುತ್ತಲ್ಲ, ನಾನು ಕೇಳಿದೀನಾ ಯಾಕೆ ಅಂತ?"

ನನ್ನ ಮಾತಿಗೂ ಸಕ್ಕರೆಗೂ ಏನು ಸಂಬಂಧ?

ನವೆಂಬರ್ 8, ಶುಕ್ರವಾರ

ಬೆಳಗಿನ ಬಸ್ಸಿಗೆ ಅತ್ತೆ ಮಗಳ ಮನೆಗೆ ಹೊರಟುಹೋದರು. ಎರಡು ಗಂಟೆ ದಾರಿ. "ನಾಲ್ಕು ದಿನ ಇದ್ದು ಬರ್ತೀನಿ" ಅಂತ ಮಿಡತೆಗೆ ಮಾತ್ರ ಹೇಳಿದರು. ಲೋಟ ಒಯ್ಯಲಿಲ್ಲ. ತೊಳೆದು ಬೋರಲು ಹಾಕಿಟ್ಟಿದ್ದಾರೆ. ಮಿಡತೆಯನ್ನು ಪಕ್ಕದ ಮನೆಯಾಕೆಗೆ ಒಪ್ಪಿಸಿ ಕೆಲಸಕ್ಕೆ ಓಡಿದೆ.

ತಟ್ಟೆ ತೆಗೆದೆ.

1: ಕೆನೆಬಣ್ಣದ ಉಬ್ಬುಚುಕ್ಕೆಗಳು, ಒಂದಕ್ಕೊಂದು ತಾಗಿಕೊಂಡು.

2: ಮೂರು ಚುಕ್ಕೆ.

3: ಅಂಚಿನಿಂದ ಅಂಚಿಗೆ. ಎಣಿಸಲು ಸಂದಿಯಿಲ್ಲ. ಮುಚ್ಚಳ ತೆಗೆದದ್ದೇ ವಾಸನೆ ಮುಖಕ್ಕೆ ಹೊಡೆಯಿತು.

ಅಂಕಿ ಅದಲುಬದಲಾಗಿರಬೇಕು. ನಿದ್ದೆಗಣ್ಣಿನಲ್ಲಿ 2ಕ್ಕೆ 3 ಬರೆದಿರುತ್ತೇನೆ. ಹಾಗೆಯೇ ಆಗಿರಬೇಕು.

ಹಿಂದಿನಿಂದ ನಮ್ಮ ಮೇಲಧಿಕಾರಿ, ಎಲ್ಲರೂ ಭೂತಗನ್ನಡಿ ಅಂತ ಕರೆಯುವವರು, ಇಣುಕಿದರು. "ಇದು ಯಾವ ತೊಟ್ಟಿಯದಮ್ಮಾ? ಇಷ್ಟು ಕೊಳಕು ಯಾವತ್ತೂ ನೋಡಿಲ್ಲ. ಇವತ್ತಿನ ಮಾಲೆಲ್ಲ ನಿಲ್ಲಿಸಲಾ?"

ಮಾಲು ನಿಲ್ಲಿಸುವುದೆಂದರೆ ಎಂಟು ಸಾವಿರ ಬ್ರೆಡ್ಡು ಕಸಕ್ಕೆ. ಹೇಳಲೇಬೇಕಾಯಿತು. "ತೊಟ್ಟಿಯದಲ್ಲ ಸರ್. ಬಾಯಿಯದು."

"ಯಾರ ಬಾಯಿ?"

"ನನ್ನದು."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ. "ಸರಿ ಹಾಗಾದರೆ, ನಿಮ್ಮ ಮನೆಯವರ ಬಾಯನ್ನೆಲ್ಲ ಬ್ರೆಡ್ಡಿಗೆ ಸವರಿ ಮಾರೋಣವಾ?" ಅಂದು, ತಟ್ಟೆಗಳನ್ನು ಆವಿಯಲ್ಲಿ ಬೇಯಿಸಿ ಎಸೆಯಲು ತಾವೇ ಒಯ್ದರು. ಸೋಮವಾರದಿಂದ ಒಂದು ವಾರ ಬರಬೇಡಿ ಅಂದಿದ್ದಾರೆ.

ಅಂಕಿ ಅದಲುಬದಲಾಗಿರಲಿಲ್ಲ. ನನ್ನ ಕಡ್ಡಿ ಸವರಿದ ತಟ್ಟೆಗೆ ಕೊನೆಗೆ ಬಾಲ ಬಿಟ್ಟ 3 ಬರೆದದ್ದು ನನಗೆ ಚೆನ್ನಾಗಿ ನೆನಪಿದೆ.

ನವೆಂಬರ್ 10, ಭಾನುವಾರ

ದಿನಕ್ಕೆ ಆರು ಸಲ ಹಲ್ಲುಜ್ಜುತ್ತಿದ್ದೇನೆ. ಉಗಿದದ್ದೆಲ್ಲ ಕೆಂಪು. ನಾಲಿಗೆಯನ್ನು ಚಮಚದಂಚಿನಿಂದ ಹೆರೆದೆ. ಆದರೂ ಬಾಯಿ ನನ್ನ ಮುಖಕ್ಕೆ ಅಂಟಿಸಿದ ಕೊಳಕು ಚೀಲದಂತಿದೆ, ಹೊತ್ತು ತಿರುಗುತ್ತಿದ್ದೇನೆ. ಬಲದವಡೆಯ ಕೊನೆಯಲ್ಲಿ ನಾಲಿಗೆ ಆಡಿಸಿದರೆ ತುದಿ ಒಳಗೆ ಹೋಗುವಷ್ಟು ತೂತಿದೆ. ಎರಡು ವರ್ಷದಿಂದ ಇದೆ. ತೋರಿಸಲು ನಾಚಿಕೆ, ಸೂಜಿಗೆ ಹೆದರಿಕೆ.

ಬಾಟಲಿಯ ಲೆಕ್ಕ ಬೇಡವೆಂದರೂ ಮನಸ್ಸಿಗೆ ಬರುತ್ತಿದೆ. ಒಂದು ರಾತ್ರಿಗೆ ಎರಡು ಸಲ. ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಒಂದೊಂದನ್ನೂ ಮೊದಲು ನಾನೇ ಚೀಪಿ, ನನ್ನ ಎಂಜಲನ್ನು ಅದರ ತುದಿಗೆ ಹಚ್ಚಿ, ಅವಳಿಗೆ. ಸಕ್ಕರೆ ಹಾಕಿದರೆ ಐದು ನಿಮಿಷಕ್ಕೆ ಮಲಗುತ್ತಿದ್ದಳು, ಹಾಕದಿದ್ದರೆ ಒಂದು ಗಂಟೆ. ನಾನು ಆ ಐವತ್ತೈದು ನಿಮಿಷ ನಿದ್ದೆ ಮಾಡಿದೆ.

ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಅವಳನ್ನು ಎತ್ತಿಕೊಳ್ಳುತ್ತೇನೆ. ಮುತ್ತಿಟ್ಟಿಲ್ಲ. ಗಂಟೆಗೊಮ್ಮೆ ಟಾರ್ಚ್ ಹಿಡಿದು ತುಟಿ ಎತ್ತಿ ನೋಡುತ್ತೇನೆ, ಬಟ್ಟೆ ಸುತ್ತಿದ ಬೆರಳಿನಿಂದ ತಿಕ್ಕುತ್ತೇನೆ. ಅವಳು ಒದೆಯುತ್ತಾಳೆ. ನನ್ನ ಕೈ ಕಂಡರೆ ತುಟಿ ಒಳಗೆಳೆದುಕೊಂಡು ಗುಂಡುಕಲ್ಲಿನ ಹಾಗೆ ಕೂರುತ್ತಾಳೆ.

ಸಂಜೆ ಬೀರುವಿನ ಕನ್ನಡಿಯ ಮುಂದೆ ಒಬ್ಬಳೇ ನಿಂತಿದ್ದಳು. ಬೆರಳಿನಿಂದ ತನ್ನ ಮೇಲ್ದುಟಿ ಎತ್ತಿಕೊಂಡು, ನೋಡಿ, ಥೇಟ್ ನನ್ನ ದನಿಯಲ್ಲಿ, "ಛೀ" ಅಂದಳು.

ಇವತ್ತು ಇನ್ನು ಬರೆಯಲಾರೆ.

ನವೆಂಬರ್ 12, ಮಂಗಳವಾರ

ಬೆಳಿಗ್ಗೆ ಮಿಡತೆಯ ಮೇಲ್ದುಟಿ ಜೇನುನೊಣ ಕಡಿದಂತೆ ಊದಿತ್ತು. ಒಸಡಿನ ಮೇಲೆ ಹಳದಿ ಗುಳ್ಳೆ. ಡಾಕ್ಟರ ಹತ್ತಿರ ಓಡಿದೆ. ಅವಳು ನನ್ನ ಕೈ ಕಚ್ಚಿದಳು, ಡಾಕ್ಟರ ಕೈಯನ್ನೂ ಕಚ್ಚಿದಳು, ಮೊಸಳೆಯನ್ನು ಎತ್ತಿ ಎಸೆದಳು.

ಕೀವು ಬೇರಿಗಿಳಿದಿದೆ. ನಾಲ್ಕೂ ಹಲ್ಲು ತೆಗೆಯಬೇಕು. ಈ ವಯಸ್ಸಿಗೆ ಪೂರ್ತಿ ಮಂಪರು ಕೊಟ್ಟೇ ತೆಗೆಯುವುದು. ಗುರುವಾರ ಬೆಳಿಗ್ಗೆ ಎಂಟಕ್ಕೆ, ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿಯವರೆಗೆ ಕೀವಿಗೆ ಔಷಧಿ.

ನಾನು ತಟ್ಟೆಗಳ ವಿಷಯ ಹೇಳಿದೆ. ಸಕ್ಕರೆಯ ವಿಷಯವನ್ನೂ. ಡಾಕ್ಟರು ಬೈಯಲಿಲ್ಲ, ಅದಕ್ಕೇ ಇನ್ನೂ ಕಷ್ಟವಾಯಿತು.

"ತಟ್ಟೆ ಇಟ್ಟುಕೊಂಡು ವಿಚಾರಣೆ ಮಾಡಬೇಡಿ. ಯೀಸ್ಟ್ ನಿಮ್ಮಿಂದಲೇ ಬಂತು ಅಂತ ಮೂರು ತಟ್ಟೆ ನೋಡಿ ನಾನೂ ಹೇಳಲಾರೆ. ಇದ್ದದ್ದಕ್ಕೆ ದಿನಾ ಊಟ ಹಾಕಿದ್ದು ಸಕ್ಕರೆ, ಅದಂತೂ ನಿಜ. ಬಾಯಿ ತೆಗೀರಿ."

"ಮಗೂದು ನೋಡಿದಿರಲ್ಲ."

"ನಿಮ್ಮದು."

ತೆಗೆದೆ. ನನ್ನ ವಾಸನೆಗೆ ಅವರು ಹಿಂದೆ ಸರಿಯಲಿಲ್ಲ. ಮುಂದಿನ ವಾರ ಬನ್ನಿ, ಒಂದು ಹಲ್ಲನ್ನು ಉಳಿಸಬಹುದು, ಅಂದರು. ಹೊರಡುವಾಗ ಕೇಳಿದರು: "ಆ ದಿನ ಬಂದಿದ್ದ ಅಜ್ಜಿ ಎಲ್ಲಿ? ಗುರುವಾರ ಅವರನ್ನೇ ಕರ್ಕೊಂಡು ಬನ್ನಿ. ಮಂಪರಿನ ಮುಖವಾಡ ಹಾಕುವಾಗ ಮಗು ನಂಬಿದವರು ಹತ್ತಿರ ಇರಬೇಕು. ನಿಮ್ಮ ಕೈ ಕಂಡರೆ ಹೆದರ್ತಾಳೆ ಈಗ."

ಇನ್ನೊಂದು ಮಾತು, ಎರಡು ಸಲ ಹೇಳಿದರು. ಬುಧವಾರ ರಾತ್ರಿ ಹನ್ನೆರಡರ ಮೇಲೆ ಏನೂ ಕೊಡಕೂಡದು. ಹಾಲಂತೂ ಒಂದು ಹನಿಯೂ ಬೇಡ. ಹೊಟ್ಟೆಯಲ್ಲಿ ಹಾಲಿದ್ದರೆ ಮಂಪರಿನಲ್ಲಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋಗಬಹುದು.

ನವೆಂಬರ್ 13, ಬುಧವಾರ

ಅತ್ತೆಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಕೊನೆಗೆ ನಾದಿನಿಗೆ ಮಾಡಿದೆ, ಎತ್ತಿದಳು. "ಅಮ್ಮ ಊಟಕ್ಕೆ ಕೂತರೆ ಕೈಯಿಂದ ಬಾಯಿ ಮುಚ್ಕೊಂಡು ತಿಂತಾಳೆ ಅತ್ತಿಗೆ. ನನ್ನ ಮಕ್ಕಳನ್ನೂ ಹತ್ತಿರ ಸೇರಿಸಲ್ಲ. ಏನಂದಿರಿ ನೀವು ಅವಳಿಗೆ?" ನಾಳೆಯ ಆಸ್ಪತ್ರೆಯ ವಿಷಯ ಮಾತ್ರ ಹೇಳಿದೆ. ಅಮ್ಮನಿಗೆ ಹೇಳ್ತೀನಿ ಅಂದಳು. ಹೇಳಿದಳೋ ಇಲ್ಲವೋ.

ಇವರ ಹಡಗಿಗೆ ಫೋನ್ ಸಿಗುತ್ತಿಲ್ಲ.

ಬಚ್ಚಲಿನ ಕಿಟಕಿಯಲ್ಲಿ ಲೋಟ ಬೋರಲಾಗಿಯೇ ಇದೆ. ಇವತ್ತು ಅದನ್ನು ಎತ್ತಿ ನೋಡಿದೆ. ಬೆಳಕಿಗೆ ಹಿಡಿದೆ. ಒಂದು ಕಲೆಯಿಲ್ಲ.

ನವೆಂಬರ್ 14, ಗುರುವಾರ. ರಾತ್ರಿ ಹನ್ನೆರಡೂ ಐವತ್ತು

ಅತ್ತೆ,

ಈ ಪುಸ್ತಕದ ಪುಟಗಳನ್ನೆಲ್ಲ ಫೋಟೋ ತೆಗೆದು ನಿಮ್ಮ ಮೊಬೈಲಿಗೆ ಕಳಿಸುತ್ತಿದ್ದೇನೆ. ನೀವು ನಾಲ್ಕಕ್ಕೆ ಏಳುವವರು. ಎದ್ದು ಕನ್ನಡಕ ಹಾಕಿಕೊಂಡು ಮೊದಲು ಮೊಬೈಲ್ ನೋಡುತ್ತೀರಿ, ಮಗ ಏನಾದರೂ ಕಳಿಸಿದ್ದಾನಾ ಅಂತ. ಇವತ್ತು ಇದು ಸಿಗಲಿ. ನಿಮ್ಮ ಬಗ್ಗೆ ಬರೆದದ್ದನ್ನು ಮುಚ್ಚಿಡಬಹುದಿತ್ತು, ಹರಿಯಲು ಕೈ ಹೋಗಿತ್ತು ಕೂಡ. ಹರಿಯಲಿಲ್ಲ. ಓದಿ. ಎಂಟನೇ ತಾರೀಖಿನದನ್ನು ಎರಡು ಸಲ ಓದಿ. ನಿಮ್ಮದು ಮೂರೇ ಚುಕ್ಕೆ ಅತ್ತೆ.

ಮಿಡತೆ ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ನೀರು ಕುಡಿದಳು. ಅಷ್ಟೆ. ಈಗ ಎದ್ದು ಬಾಟಲಿ ಕೇಳುತ್ತಿದ್ದಾಳೆ. ಮೊದಲು ಅತ್ತಳು. ಈಗ ಅಳುತ್ತಿಲ್ಲ, ಬಾಗಿಲ ಹತ್ತಿರ ಕೂತು "ಅಜ್ಜಿ ಹಲ್ಲು ಬೇಕು, ಅಜ್ಜಿ ಹಲ್ಲು ಬೇಕು" ಅಂತ ಒಂದೇ ಸಮನೆ ಹೇಳುತ್ತಿದ್ದಾಳೆ. ಎತ್ತಿಕೊಳ್ಳಲು ಹೋದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ನೀವು ಊಟಕ್ಕೆ ಕೂತಾಗ ಮುಚ್ಚಿಕೊಳ್ಳುತ್ತೀರಂತಲ್ಲ, ಹಾಗೆಯೇ. ಇಬ್ಬರಿಗೂ ಕಲಿಸಿದವಳು ನಾನೊಬ್ಬಳೇ.

ನನಗೆ ನನ್ನದೇ ಭಯ. ಎರಡು ವರ್ಷದಿಂದ ಅವಳು ಅತ್ತಾಗೆಲ್ಲ ಈ ಕೈ ನಿದ್ದೆಗಣ್ಣಿನಲ್ಲೇ ಹೋಗಿ ಹಾಲು ಬೆರೆಸಿ ತಂದಿದೆ. ಹತ್ತು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಈಗ ಸ್ವಲ್ಪ ಮುಂಚೆ ನನಗೇ ಗೊತ್ತಿಲ್ಲದೆ ಅಡುಗೆಮನೆಯಲ್ಲಿ ನಿಂತಿದ್ದೆ, ಡಬ್ಬಿಯ ಮುಚ್ಚಳ ಕೈಯಲ್ಲಿತ್ತು. ಸಕ್ಕರೆಯನ್ನು ಸಿಂಕಿಗೆ ಸುರಿದು ನೀರು ಬಿಟ್ಟೆ. ಹಾಲನ್ನೂ ಚೆಲ್ಲಿದೆ. ಬಾಟಲಿಯನ್ನು ಹೊರಗಿನ ಕಸದ ಡಬ್ಬಕ್ಕೆ ಹಾಕಿ ಬಂದೆ. ಆದರೂ ಪಕ್ಕದ ಮನೆಯಲ್ಲಿ ಹಾಲಿದೆ ಅಂತ ನನ್ನ ತಲೆಗೆ ಗೊತ್ತು.

ನಿಮ್ಮ ಲೋಟಕ್ಕೆ ನೀರು ತುಂಬಿ ಅದೇ ಕಿಟಕಿಯಲ್ಲಿ ಇಟ್ಟಿದ್ದೇನೆ.

ಅಲ್ಲಿಂದ ಮೊದಲ ಬಸ್ಸು ಐದಕ್ಕೆ. ಬಂದರೆ ಏಳಕ್ಕೆ ಇಲ್ಲಿರುತ್ತೀರಿ. ಬರಲು ಮನಸ್ಸಿಲ್ಲದಿದ್ದರೆ ಬರಬೇಡಿ, ಕೇಳುವ ಮುಖ ನನಗಿಲ್ಲ. ಮಾತು ಮಾತ್ರ ಆಡಿ. ಅವಳ ಕೈಗೆ ಫೋನ್ ಕೊಟ್ಟು ನಾನು ಆಚೆ ಕೋಣೆಗೆ ಹೋಗುತ್ತೇನೆ. ಮುಖವಾಡ ಬಂದಾಗ ಬಾಯಿ ತೆಗಿ ಅಂತ ನೀವು ಹೇಳಿದರೆ ತೆಗೆಯುತ್ತಾಳೆ. ಆಮೇಲೆ ನನಗೆ ಎಷ್ಟು ಬೈಯಬೇಕೋ ಬೈಯಿರಿ. ಬೈಯುವುದಕ್ಕಾದರೂ ಮಾಡಿ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಿ ಅತ್ತೆ. ಮೊಬೈಲನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಹತ್ತಿರ ಅವಳ ಪಕ್ಕ ಕೂತಿದ್ದೇನೆ. ಮಾಡಿ.